ಮಿರರ್‌ಲೆಸ್ಸಾ, ದೊಡ್ಡ ಸೆನ್ಸರ್‌ನ ಕಾಂಪ್ಯಾಕ್ಟಾ? ಶಿಲ್ಪ, ಯಕ್ಷಗಾನ, ಮಳೆಗಾಲ ಮೂರಕ್ಕೂ ಆಗಬೇಕು

ಹೊಸಗಣ್ಣು:
ನಮಸ್ಕಾರ. ಮೊಬೈಲ್ ಸಾಕಾಗದೆ ಕ್ಯಾಮೆರಾ ತಗೊಳ್ಳಬೇಕು ಅಂತಿದ್ದೇನೆ. ಮೂರು ಕೆಲಸಕ್ಕೆ ಬೇಕು: ಬೇಲೂರು, ಹಳೇಬೀಡಿನಂಥ ಕಡೆ ಶಿಲ್ಪ, ರಾತ್ರಿ ಯಕ್ಷಗಾನ, ಮನೆಯ ಸಮಾರಂಭ, ಮಕ್ಕಳು. ಹಕ್ಕಿ, ಹುಲಿ ಬೇಡ. ವಿಡಿಯೊ ಅಪರೂಪ. ಇರುವುದು ಸಾಗರದ ಕಡೆ, ಮಳೆಗಾಲದಲ್ಲಿ ಗೋಡೆಯೇ ಬೆವರುವ ಊರು. ಪಟ್ಟಿಯಲ್ಲಿ ಉಳಿದಿರುವುದು ನಾಲ್ಕು. ಲೆನ್ಸ್ ಬದಲಿಸಬಹುದಾದ ಮಿರರ್‌ಲೆಸ್ ಒಂದು: ಕ್ಯಾನನ್ ಆರ್50, ಜೊತೆಗೇ ಬರುವ 18-45 ಕಿಟ್ ಲೆನ್ಸ್. ಲೆನ್ಸ್ ಬಿಚ್ಚಲಾಗದ ಕಾಂಪ್ಯಾಕ್ಟ್ ಮೂರು: ಸೋನಿ ಆರ್‌ಎಕ್ಸ್100 ಮಾರ್ಕ್ 7, ರಿಕೋ ಜಿಆರ್ 3, ಸ್ವಲ್ಪ ಕೈ ಬಿಚ್ಚಿದರೆ ಫುಜಿಫಿಲ್ಮ್ ಎಕ್ಸ್100 ಸಿಕ್ಸ್. "ಸೆನ್ಸರ್ ದೊಡ್ಡದಿದ್ದಷ್ಟೂ ಫೋಟೊ ಚೆನ್ನಾಗಿ ಬರುತ್ತೆ, ಕಣ್ಣು ಮುಚ್ಚಿ ಆರ್50 ತಗೊಳ್ಳಿ" ಅಂತ ಅಂಗಡಿಯಲ್ಲಿ ಹೇಳಿದರು. ಲೆಕ್ಕ ಅಷ್ಟೇನಾ?

ಕಿಂಡಿ:
ಅಷ್ಟೇ ಅಲ್ಲ. ಸೆನ್ಸರ್ (ಬೆಳಕು ಹಿಡಿಯುವ ಚಿಪ್) ಅರ್ಧ ಲೆಕ್ಕ, ಲೆನ್ಸ್ ಉಳಿದರ್ಧ. ಎರಡನ್ನೂ ಗುಣಿಸಿ ನೋಡದೆ ಹೋಲಿಸಬೇಡಿ.

ಮೊದಲು ಅಳತೆ. 1 ಇಂಚಿನ ಸೆನ್ಸರ್ ಅಂತ ಕರೆಯುವುದು ನಿಜವಾಗಿ 13.2 × 8.8 ಮಿ.ಮೀ., ಯಾವ ಕಡೆಯಿಂದ ಅಳೆದರೂ ಇಂಚು ಬರುವುದಿಲ್ಲ. ಆ ಹೆಸರು ಹಳೆಯ ಟಿವಿ ಕ್ಯಾಮೆರಾ ಕೊಳವೆಗಳ ಕಾಲದಿಂದ ಉಳಿದುಬಂದದ್ದು. ಆರ್‌ಎಕ್ಸ್100 ಮಾರ್ಕ್ 7ರಲ್ಲಿ ಇರುವುದು ಇದು. ಆರ್50ಯದು ಎಪಿಎಸ್-ಸಿ ಅನ್ನುವ ದೊಡ್ಡ ಅಳತೆ, 22.3 × 14.9 ಮಿ.ಮೀ. ಜಿಆರ್ 3 ಮತ್ತು ಎಕ್ಸ್100 ಸಿಕ್ಸ್ ಎರಡರಲ್ಲೂ ಇರುವುದು ಸುಮಾರು 23.5 × 15.6 ಮಿ.ಮೀ.ನ ಎಪಿಎಸ್-ಸಿ. ಅಂದರೆ ನಿಮ್ಮ ಪಟ್ಟಿಯ ಎರಡು 'ಚಿಕ್ಕ' ಕ್ಯಾಮೆರಾಗಳ ಸೆನ್ಸರ್ ಆರ್50ಗಿಂತ ಕೂದಲೆಳೆಯಷ್ಟು ದೊಡ್ಡದೇ. ಅಂಗಡಿಯವರ ಮಾತು ಅಲ್ಲೇ ಬಿದ್ದುಹೋಯಿತು.

ಈಗ ಲೆನ್ಸ್. ಪ್ರತಿ ಸೆನ್ಸರ್‌ಗೂ ಒಂದು ಕ್ರಾಪ್ ಅಂಕಿ ಇದೆ: 1 ಇಂಚಿಗೆ 2.7, ಕ್ಯಾನನ್ ಎಪಿಎಸ್-ಸಿಗೆ 1.6, ಉಳಿದವರ ಎಪಿಎಸ್-ಸಿಗೆ 1.5. ಲೆನ್ಸಿನ ಎಫ್ ಅಂಕಿಯನ್ನು (ಬೆಳಕು ಬಿಡುವ ತೂತು, ಅಂದರೆ ಅಪರ್ಚರ್‌ನ ಅಳತೆ) ಇದರಿಂದ ಗುಣಿಸಿದರೆ ಫುಲ್ ಫ್ರೇಮ್ (ಹಳೆಯ 35 ಎಂಎಂ ಫಿಲ್ಮಿನಷ್ಟು ದೊಡ್ಡ ಸೆನ್ಸರ್) ಲೆಕ್ಕದಲ್ಲಿ ಅದು ಎಷ್ಟು ಬೆಳಕು ಹಿಡಿಯುತ್ತದೆ ಅಂತ ಸಿಗುತ್ತದೆ. ಅಂಕಿ ಚಿಕ್ಕದಾದಷ್ಟೂ ಒಳ್ಳೆಯದು.

ಆರ್50 + 18-45, ಎಫ್ 4.5-6.3: ಜೂಮ್‌ನ ಅಗಲದ ತುದಿಯಲ್ಲಿ 7.2, ಉದ್ದದ ತುದಿಯಲ್ಲಿ 10.1.
ಆರ್‌ಎಕ್ಸ್100 ಮಾರ್ಕ್ 7, ಎಫ್ 2.8-4.5: 7.6ರಿಂದ 12.2.
ಜಿಆರ್ 3, ಎಫ್ 2.8: 4.2.
ಎಕ್ಸ್100 ಸಿಕ್ಸ್, ಎಫ್ 2: 3.

ನೋಡಿ, ಸೋನಿಗಿಂತ ಸುಮಾರು ಮೂರು ಪಟ್ಟು ದೊಡ್ಡ ಸೆನ್ಸರ್ ಇದ್ದೂ ಆರ್50 ಕಿಟ್ ಲೆನ್ಸ್ ಹಾಕಿಕೊಂಡು ನಿಂತರೆ ಸೋನಿಗಿಂತ ಹೆಚ್ಚೆಂದರೆ ಅರ್ಧ ಸ್ಟಾಪ್ ಮುಂದೆ (ಒಂದು ಸ್ಟಾಪ್ ಅಂದರೆ ಬೆಳಕು ಇಮ್ಮಡಿ). ಎಕ್ಸ್100 ಸಿಕ್ಸ್‌ಗೆ ಹೋಲಿಸಿದರೆ ಎರಡೂವರೆ ಸ್ಟಾಪ್ ಹಿಂದೆ. ಅದೇ ಆರ್50ಗೆ ಆರ್‌ಎಫ್ 50 ಎಂಎಂ ಎಫ್ 1.8 ಹಾಕಿ, ಅಂಕಿ 2.9ಕ್ಕೆ ಇಳಿಯುತ್ತದೆ, ಪಟ್ಟಿಯಲ್ಲೇ ಮೇಲೆ ಕೂರುತ್ತದೆ. ಹಾಗಾಗಿ ಕೇಳಬೇಕಾದ ಪ್ರಶ್ನೆ ಒಂದೇ: ಎರಡನೇ ಲೆನ್ಸ್ ಕೊಳ್ಳುತ್ತೀರಾ, ಇಲ್ಲವಾ? ಕಿಟ್ ಲೆನ್ಸನ್ನು ಎಂದೂ ಬಿಚ್ಚದವರಿಗೆ ಮಿರರ್‌ಲೆಸ್ ದುಡ್ಡು ದಂಡ.

ಅರೆಬೆಳಕು:
ಸರ್, ಇದು ನನಗೆ ಒಪ್ಪಿಗೆಯಾಗಲಿಲ್ಲ. ಎಫ್ 2.8, ಐಎಸ್‌ಒ (ಬೆಳಕಿಗೆ ಸಂವೇದನೆಯ ಅಂಕಿ) 400, ಶಟರ್ ವೇಗ 1/100 ಸೆಕೆಂಡ್ ಅಂತ ಇಟ್ಟರೆ ಯಾವ ಕ್ಯಾಮೆರಾದಲ್ಲೂ ಎಕ್ಸ್‌ಪೋಶರ್ (ಫೋಟೊಗೆ ಬೀಳುವ ಬೆಳಕಿನ ಮಟ್ಟ) ಒಂದೇ ಬರುತ್ತದಲ್ಲ. ಗುಣಿಸುವುದು ಯಾಕೆ?

ಕಿಂಡಿ:
ಎಕ್ಸ್‌ಪೋಶರ್ ಒಂದೇ, ಸರಿ. ಗುಣಿಸುವುದು ನಾಯ್ಸ್ (ಮಂದ ಬೆಳಕಿನ ಫೋಟೊದಲ್ಲಿ ಕಾಣುವ ಕಾಳುಕಾಳು) ಹೋಲಿಸುವುದಕ್ಕೆ. ಒಂದೇ ಮಳೆಗೆ ಅಂಗಳದಲ್ಲಿ ಚೊಂಬನ್ನೂ ಇಡಿ, ಹಂಡೆಯನ್ನೂ ಇಡಿ. ನೀರು ಎರಡರಲ್ಲೂ ಬೆರಳುದ್ದವೇ ಏರುತ್ತದೆ. ಆದರೆ ಒಟ್ಟು ನೀರು ಹಂಡೆಯಲ್ಲಿ ಹೆಚ್ಚು. ಏರಿದ ಎತ್ತರ ಎಕ್ಸ್‌ಪೋಶರ್. ಒಟ್ಟು ನೀರು ಚಿತ್ರದ ಶುಚಿ. ಫೋಟೊ ಪ್ರಿಂಟ್ ಹಾಕಿದಾಗ ಕಾಣುವುದು ಎರಡನೆಯದು. 1 ಇಂಚಿನಲ್ಲಿ ಐಎಸ್‌ಒ 1600 ಇಟ್ಟು ತೆಗೆದದ್ದಕ್ಕೂ ಎಪಿಎಸ್-ಸಿಯಲ್ಲಿ ಸುಮಾರು ಐಎಸ್‌ಒ 5000 ಇಟ್ಟು ತೆಗೆದದ್ದಕ್ಕೂ ನಾಯ್ಸ್ ಹೆಚ್ಚುಕಮ್ಮಿ ಸಮ.

ಚಂಡೆಪೆಟ್ಟು:
ಆಟದ (ಯಕ್ಷಗಾನದ) ವಿಷಯ ನಾನು ಹೇಳ್ತೇನೆ ಮಾರಾಯ್ರೆ, ಇದರಲ್ಲಿ ಎಡವುವವರು ಜಾಸ್ತಿ.

ವೇಷಧಾರಿ ಮಾತಾಡುತ್ತಾ ನಿಂತಾಗ 1/125 ಸಾಕು. ಪ್ರವೇಶದ ಕುಣಿತಕ್ಕೆ 1/250. ಧೀಂಗಿಣಕ್ಕೆ (ಗಿರಗಿರ ಸುತ್ತುವ ಕುಣಿತ) 1/500 ಆದರೂ ಬೇಕು, ಇಲ್ಲದಿದ್ದರೆ ಮುಖ ಕರಗಿ ಹೋಗುತ್ತದೆ. ಕ್ಯಾಮೆರಾದ ಸ್ಟೆಬಿಲೈಸೇಶನ್ ಇಲ್ಲಿ ಕೆಲಸಕ್ಕೆ ಬಾರದು. ಅದು ನಿಮ್ಮ ಕೈ ನಡುಗುವುದನ್ನು ತಡೆಯುತ್ತದೆ, ವೇಷ ತಿರುಗುವುದನ್ನಲ್ಲ. ಹಾಗಾಗಿ 'ಆರ್50 ಬಾಡಿಯಲ್ಲಿ ಸ್ಟೆಬಿಲೈಸೇಶನ್ ಇಲ್ಲ' ಅನ್ನುವ ದೂರು ಆಟಕ್ಕೆ ಲೆಕ್ಕಕ್ಕಿಲ್ಲ.

ಒಂದೇ ಬೆಳಕು, 1/250 ಎಂದಿಟ್ಟುಕೊಳ್ಳಿ. 50 ಎಂಎಂ ಎಫ್ 1.8ರಲ್ಲಿ ಐಎಸ್‌ಒ 1600 ಸಾಕಾಗುವ ಕಡೆ, ಕಿಟ್ ಲೆನ್ಸಿನ ಎಫ್ 6.3ಕ್ಕೆ ಐಎಸ್‌ಒ 20000 ಹತ್ತಿರ ಬೇಕು. ಆರ್‌ಎಕ್ಸ್100 ಮಾರ್ಕ್ 7 ಜೂಮ್ ಎಳೆದು ಎಫ್ 4.5ಕ್ಕೆ ಬಂದರೆ ಐಎಸ್‌ಒ 10000, ಅದೂ 1 ಇಂಚಿನ ಸೆನ್ಸರ್ ಮೇಲೆ. ಎದೆಕಟ್ಟಿನ ಬೇಗಡೆ, ಮಣಿಸಾಲು ಒಂದೂ ಉಳಿಯುವುದಿಲ್ಲ, ಎಲ್ಲ ಅಂಟಿದ ಮುದ್ದೆ. ಎಕ್ಸ್100 ಸಿಕ್ಸ್ ಐಎಸ್‌ಒ 2000ದಲ್ಲಿ, ಜಿಆರ್ 4000ದಲ್ಲಿ ಮುಗಿಸುತ್ತದೆ.

ಆದರೆ ದೂರವನ್ನೂ ನೋಡಬೇಕು. ಎದುರಿನ ಸಾಲಿನಿಂದ ವೇಷಕ್ಕೆ 5 ಮೀಟರ್ ಅಂದುಕೊಳ್ಳಿ. ಕ್ಯಾಮೆರಾವನ್ನು ಲಂಬವಾಗಿ ಹಿಡಿದರೆ ಆರ್50 + 50 ಎಂಎಂನಲ್ಲಿ ಎತ್ತರಕ್ಕೆ 2.2 ಮೀಟರ್ ಹಿಡಿಯುತ್ತದೆ, ಕಿರೀಟದಿಂದ ಗೆಜ್ಜೆವರೆಗೆ ಒಂದು ವೇಷ ಸರಿಯಾಗಿ. ಎಕ್ಸ್100 ಸಿಕ್ಸ್‌ನಲ್ಲಿ 5 ಮೀಟರ್ ಹಿಡಿಯುತ್ತದೆ, ಅರ್ಧ ಫ್ರೇಮ್ ಖಾಲಿ. ಜಿಆರ್‌ನಲ್ಲಿ 6.4 ಮೀಟರ್. ಭಾಗವತರು, ಮದ್ದಳೆ, ಚಂಡೆ, ಇಬ್ಬರು ವೇಷಧಾರಿಗಳು ಸೇರಿ ಇಡೀ ರಂಗಸ್ಥಳ ಬೇಕಾದವರಿಗೆ ಜಿಆರ್ ಚೆಂದ. ಮುಖವರ್ಣಿಕೆ ಬೇಕಾದವರಿಗೆ ಅಲ್ಲ.

ಪಟ್ಟೆಪಟ್ಟೆ:
ಆಟದ ಫೋಟೊಗಳಲ್ಲಿ ಅಡ್ಡಡ್ಡ ಕಪ್ಪು ಪಟ್ಟೆ ಬರುವುದು ಯಾಕೆ? ಎಲ್ಲ ಕ್ಯಾಮೆರಾದಲ್ಲೂ ಬರುತ್ತದಾ?

ಚಂಡೆಪೆಟ್ಟು:
ಅದು ಎಲ್‌ಇಡಿ ದೀಪದ ಕಾಟ. ನಮ್ಮ ಕರೆಂಟು 50 ಹರ್ಟ್ಜ್, ಅಗ್ಗದ ಎಲ್‌ಇಡಿ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಸದ್ದಾಗಬಾರದು ಅಂತ ಎಲೆಕ್ಟ್ರಾನಿಕ್ ಶಟರ್ ಹಾಕಿದರೆ ಸೆನ್ಸರ್ ಮೇಲಿಂದ ಕೆಳಕ್ಕೆ ಸಾಲು ಸಾಲಾಗಿ ಓದುತ್ತದೆ. ಆ ಹೊತ್ತಿನಲ್ಲಿ ದೀಪ ನಾಲ್ಕಾರು ಸಲ ಆರಿ ಹೊತ್ತಿರುತ್ತದೆ. ಆರಿದ ಕಡೆ ಪಟ್ಟೆ.

ಮಾಡಬೇಕಾದ್ದು: ಎಲೆಕ್ಟ್ರಾನಿಕ್ ಶಟರ್ ಬಿಡಿ. ಆರ್50ಯಲ್ಲಿ ಪೂರ್ತಿ ಮೆಕ್ಯಾನಿಕಲ್ ಶಟರ್ ಇಲ್ಲ, 'ಎಲೆಕ್ಟ್ರಾನಿಕ್ ಫಸ್ಟ್ ಕರ್ಟನ್' (ತೆರೆಯುವುದು ಎಲೆಕ್ಟ್ರಾನಿಕ್, ಮುಚ್ಚುವುದು ನಿಜವಾದ ಪರದೆ) ಅಂತ ಇದೆ, ಅದನ್ನೇ ಇಡಿ. ನಿಂತ ವೇಷಕ್ಕೆ 1/100 ಇಟ್ಟರೆ ಪ್ರತಿ ಫ್ರೇಮ್‌ಗೂ ಒಂದು ಪೂರ್ತಿ ಮಿನುಗು ಸಿಗುತ್ತದೆ, ಬೆಳಕು ಏರುಪೇರಾಗುವುದಿಲ್ಲ. ಕುಣಿತಕ್ಕೆ 1/250 ಏರಿಸಿದಾಗ ಮಿನುಗು ನೋಡಿಕೊಂಡು ಕ್ಲಿಕ್ ಮಾಡುವ ಆಂಟಿ-ಫ್ಲಿಕರ್ ಇದ್ದರೆ ಹಾಕಿ. ಹಾಕಿದರೆ ಕ್ಲಿಕ್ ಒಂದು ಚೂರು ತಡವಾಗಿ ಆಗುತ್ತದೆ, ಚಂಡೆಯ ಮುಕ್ತಾಯಕ್ಕೆ ಸರಿಯಾಗಿ ಒತ್ತುವವರು ಅದನ್ನು ಗಮನದಲ್ಲಿಡಿ.

ಜಿಆರ್, ಆರ್‌ಎಕ್ಸ್100, ಎಕ್ಸ್100 ಮೂರರಲ್ಲೂ ಲೆನ್ಸಿನೊಳಗೇ ಎಸಳಿನಂತೆ ತೆರೆದು ಮುಚ್ಚುವ ಲೀಫ್ ಶಟರ್ ಇದೆ. ಅದರ ಸದ್ದು ಪಕ್ಕದವರಿಗೂ ಕೇಳುವುದಿಲ್ಲ, ಪಟ್ಟೆಯ ಕಾಟವೂ ಇಲ್ಲ. ಮಾತೇ ಮುಖ್ಯವಾದ ತಾಳಮದ್ದಳೆಯಂಥ ಕೂಟಕ್ಕೆ ಇದಕ್ಕಿಂತ ಒಳ್ಳೆಯದಿಲ್ಲ.

ಇನ್ನೊಂದು. ಬಣ್ಣದ ವೇಷಕ್ಕೆ ಚುಟ್ಟಿ ಇಟ್ಟ ಮುಖವನ್ನು ಐ-ಡಿಟೆಕ್ಷನ್ (ಕಣ್ಣು ಹುಡುಕಿ ಫೋಕಸ್ ಮಾಡುವ ಸೌಲಭ್ಯ) ಎಷ್ಟೋ ಸಲ ಮುಖ ಅಂತಲೇ ಒಪ್ಪುವುದಿಲ್ಲ. ಫೋಕಸ್ ಹಿಂದಿನ ಪರದೆಗೆ ಹಾರುತ್ತದೆ. ಒಂದೇ ಪಾಯಿಂಟ್ ಇಟ್ಟುಕೊಂಡು ಮೂಗಿನ ನೇರಕ್ಕೆ ಹಿಡಿಯಿರಿ. ಹಿಂದೆ ಕತ್ತಲಿರುವುದರಿಂದ ಮೀಟರ್ ಮೋಸಹೋಗಿ ಬೆಳಕು ಜಾಸ್ತಿ ಕೊಡುತ್ತದೆ, ಭುಜಕೀರ್ತಿಯ ಬಂಗಾರ ಬೆಳ್ಳಗೆ ಸುಟ್ಟುಹೋಗುತ್ತದೆ. ಎಕ್ಸ್‌ಪೋಶರ್ ಮೈನಸ್ 0.7 ಇಟ್ಟು ರಾ ಫೈಲ್ (ಆಮೇಲೆ ತಿದ್ದಬಹುದಾದ ಮೂಲ ಫೈಲ್) ತೆಗೆಯಿರಿ. ಕೆಂಪು ಎಲ್‌ಇಡಿ ಬಿದ್ದಾಗ ಮೈನಸ್ 1.

ಬಳಪದಕಲ್ಲು:
ಶಿಲ್ಪದ ಮಾತು ಬೇರೆ. ಇಲ್ಲಿ ಎದುರಿಗಿರುವುದು ಅಲುಗುವುದಿಲ್ಲ, ಆದ್ದರಿಂದ ಚಂಡೆಪೆಟ್ಟು ಬೇಡ ಅಂದದ್ದೇ ಇಲ್ಲಿ ಮುಖ್ಯ: ಸ್ಟೆಬಿಲೈಸೇಶನ್. ಸಂರಕ್ಷಿತ ಸ್ಮಾರಕಗಳಲ್ಲಿ ಟ್ರೈಪಾಡ್ ನಿಲ್ಲಿಸಲು ಪುರಾತತ್ವ ಸರ್ವೇಕ್ಷಣ ಇಲಾಖೆಯ ಅನುಮತಿ ಬೇಕು. ಕೈಯಲ್ಲೇ ಹಿಡಿದು ತೆಗೆಯಬೇಕು.

ಬೇಲೂರಿನ ನವರಂಗದೊಳಗೆ ಕಾಲಿಟ್ಟರೆ ತಿರುಗಣೆ ಕಂಬಗಳ ಬಳೆಬಳೆಯಂಥ ಅಂಚು ಕಣ್ಣಿಗೆ ಕಾಣುವಷ್ಟೇ ಬೆಳಕು. ಎಕ್ಸ್100 ಸಿಕ್ಸ್‌ನ ಬಾಡಿ ಸ್ಟೆಬಿಲೈಸೇಶನ್‌ಗೆ ಕಂಪನಿ ಹೇಳುವುದು 6 ಸ್ಟಾಪ್. ಉಸಿರು ಹಿಡಿದು, ಮೊಣಕೈಗಳನ್ನು ಪಕ್ಕೆಗೆ ಒತ್ತಿ 1/8 ಸೆಕೆಂಡ್ ಮೂರು ಸಲ ಒತ್ತಿದರೆ ಒಂದಾದರೂ ಚೂಪಾಗಿ ಬರುತ್ತದೆ. ಐಎಸ್‌ಒ 800 ಮೀರಬೇಕಿಲ್ಲ. ಜಿಆರ್ 3ರಲ್ಲೂ ಬಾಡಿಯೊಳಗೆ ಸ್ಟೆಬಿಲೈಸೇಶನ್ ಇದೆ. ಆರ್50ಯಲ್ಲಿ ಇಲ್ಲ, ಆದರೆ 18-45 ಕಿಟ್ ಲೆನ್ಸಿನಲ್ಲಿ 4 ಸ್ಟಾಪ್‌ನದ್ದಿದೆ. ಇಲ್ಲೊಂದು ಬಲೆ ಇದೆ: 'ಕಿಟ್ ಬಿಸಾಕಿ ಸಿಗ್ಮಾ 18-50 ಎಫ್ 2.8 ಹಾಕಿ' ಅನ್ನುವವರು ಬಹಳ. ಒಳ್ಳೆಯ ಲೆನ್ಸೇ. ಆದರೆ ಅದರಲ್ಲಿ ಸ್ಟೆಬಿಲೈಸೇಶನ್ ಇಲ್ಲ. ಆರ್50 ಮೇಲೆ ಹಾಕಿದರೆ ಅಪರ್ಚರ್‌ನಿಂದ ಹೆಚ್ಚೆಂದರೆ ಎರಡು ಸ್ಟಾಪ್ ಚಿಲ್ಲರೆ ಗಳಿಸಿ, ಕೈನಡುಕಕ್ಕೆ ನಾಲ್ಕು ಕಳೆದುಕೊಳ್ಳುತ್ತೀರಿ. ಗರ್ಭಗುಡಿ ಮುಂದಿನ ಕತ್ತಲಲ್ಲಿ, ಅಲುಗದ ಕಲ್ಲಿಗೆ, ಕಿಟ್ಟೇ ಗೆಲ್ಲುತ್ತದೆ. ಮಕ್ಕಳಿಗೆ, ಕುಣಿತಕ್ಕೆ ಸಿಗ್ಮಾ ಗೆಲ್ಲುತ್ತದೆ.

ಹೊರಗಿನ ಮದನಿಕೆಯರು ಇನ್ನೊಂದು ಸಮಸ್ಯೆ. ಅವರು ನಿಂತಿರುವುದು ಸೂರಿನ ಕೆಳಗೆ, ಓರೆಯಾಗಿ. ಜಗತಿಯ (ಗುಡಿ ನಿಂತ ಕಟ್ಟೆ) ಮೇಲೆ ನಿಂತು ಕತ್ತೆತ್ತಿ ಜಿಆರ್‌ನ ಅಗಲದಲ್ಲಿ, ಫುಲ್ ಫ್ರೇಮ್ ಲೆಕ್ಕದ 28 ಎಂಎಂನಲ್ಲಿ, ತೆಗೆದರೆ ಪಾದ ದೊಡ್ಡದು, ಮುಖ ಬೊಟ್ಟಿನಷ್ಟು. ಜಗತಿ ಇಳಿದು ಅಂಗಳಕ್ಕೆ ಹಿಂದೆ ಸರಿಯಬೇಕು, ಸರಿದಷ್ಟೂ ಉದ್ದದ ಲೆನ್ಸ್ ಬೇಕು. 100ರಿಂದ 200 ಎಂಎಂ ಸಮಾನದಲ್ಲಿ ಆಕೆಯ ಮೈಯ ಅಳತೆ ಸರಿಯಾಗಿ ಬರುತ್ತದೆ, ಬಳೆಯ ಹಿಂದೆ ಕೊರೆದ ಟೊಳ್ಳಿನವರೆಗೂ ಕಾಣುತ್ತದೆ. ಪಟ್ಟಿಯಲ್ಲಿ ಅಲ್ಲಿಗೆ ತಲುಪುವುದು 24-200ರ ಆರ್‌ಎಕ್ಸ್100 ಮಾರ್ಕ್ 7 ಒಂದೇ. ಆರ್50ಯ ಕಿಟ್ 72ಕ್ಕೇ ನಿಲ್ಲುತ್ತದೆ. ಆರ್‌ಎಫ್-ಎಸ್ 55-210 ಸೇರಿಸಿದರೆ 88ರಿಂದ 336, ತೂಕ 270 ಗ್ರಾಂ ಹೆಚ್ಚು.

ಸೂರಿನ ನೆರಳು, ಹಿಂದೆ ಉರಿಯುವ ಆಕಾಶ: ಪ್ಲಸ್ 1 ಕೊಡಿ. ಹಳೇಬೀಡಿನ ಆನೆ-ಕುದುರೆ ಸಾಲಿಗೆ ಬೆಳಕು ಓರೆಯಾಗಿ ಗೋಡೆ ಸವರುವ ಹೊತ್ತು ಹುಡುಕಿ, ಉಬ್ಬು ಎದ್ದು ಬರುತ್ತದೆ. ನಡುಮಧ್ಯಾಹ್ನ ಯಾವ ಕ್ಯಾಮೆರಾ ಹಿಡಿದರೂ ಅದು ಚಪ್ಪಟೆ ಗೋಡೆ.

ಜೇಬುಗಣ್ಣು:
ಎಲ್ಲರೂ ಬೆಳಕಿನ ಲೆಕ್ಕ ಹೇಳಿದ್ದೀರಿ. ಜೇಬಿನ ಲೆಕ್ಕವೂ ಇರಲಿ. ಬ್ಯಾಟರಿ, ಕಾರ್ಡ್ ಸೇರಿ ಜಿಆರ್ 3 ತೂಗುವುದು 257 ಗ್ರಾಂ, ದಪ್ಪ 33 ಮಿ.ಮೀ. ಆರ್‌ಎಕ್ಸ್100 ಮಾರ್ಕ್ 7 302 ಗ್ರಾಂ, 43 ಮಿ.ಮೀ. ಇವೆರಡೇ ಜೇಬಿನ ಕ್ಯಾಮೆರಾ. ಎಕ್ಸ್100 ಸಿಕ್ಸ್ 521 ಗ್ರಾಂ, ದಪ್ಪ 55 ಮಿ.ಮೀ. ಆರ್50 + 18-45 ಸೇರಿ 505 ಗ್ರಾಂ! 'ಕಾಂಪ್ಯಾಕ್ಟ್' ಅನ್ನುವ ಹೆಸರು ನೋಡಿ ಎಕ್ಸ್100 ಹಗುರ ಅಂದುಕೊಳ್ಳಬೇಡಿ. ಅದು ಕುತ್ತಿಗೆಗೆ ಹಾಕುವ ಕ್ಯಾಮೆರಾ.

ಜಿಆರ್‌ನ ಗುಣ ಸ್ನ್ಯಾಪ್ ಫೋಕಸ್. ದೂರವನ್ನು 2 ಮೀಟರ್‌ಗೆ ಕಟ್ಟಿ, ಎಫ್ 8 ಇಟ್ಟರೆ ಸುಮಾರು 1 ಮೀಟರ್‌ನಿಂದ ಆಚೆಗೆ ಎಲ್ಲವೂ ಫೋಕಸ್‌ನಲ್ಲಿರುತ್ತದೆ. ಶಟರ್ ಗುಂಡಿಯನ್ನು ಒಂದೇ ಏಟಿಗೆ ಪೂರ್ತಿ ಒತ್ತಿದರೆ ಕ್ಯಾಮೆರಾ ಫೋಕಸ್ ಹುಡುಕುವ ಗೋಜಿಗೇ ಹೋಗುವುದಿಲ್ಲ. ತೇರು ಎಳೆಯುವ ನೂಕುನುಗ್ಗಲಿನಲ್ಲಿ, ಸಂತೆಯಲ್ಲಿ, ಓಡುವ ಮಗುವಿಗೆ ಇದು ಯಾವ ಆಟೊಫೋಕಸ್‌ಗಿಂತ ವೇಗ. ಕೊರತೆಯನ್ನೂ ಹೇಳಿಬಿಡುತ್ತೇನೆ: ವ್ಯೂಫೈಂಡರ್ ಇಲ್ಲ, ಫ್ಲ್ಯಾಶ್ ಇಲ್ಲ, ಬ್ಯಾಟರಿ ಕಂಪನಿ ಲೆಕ್ಕದಲ್ಲೇ 200 ಫೋಟೊ. ಇಡೀ ರಾತ್ರಿಯ ಆಟಕ್ಕೆ ಇನ್ನೆರಡು ಬ್ಯಾಟರಿ ಜೊತೆಗಿರಬೇಕು. 28 ಎಂಎಂ ಅಗಲ ಅನ್ನಿಸಿದರೆ 40 ಎಂಎಂನ ಜಿಆರ್ 3 ಎಕ್ಸ್ ಇದೆ, ಮನೆಮಂದಿಯ ಫೋಟೊಗೆ ಅದೇ ಮೇಲು.

ಅರೆಬೆಳಕು:
ಕ್ರಾಪ್ ಮಾಡಿದರೆ ಜೂಮ್ ಆದ ಹಾಗೆ ಅಲ್ಲವೇ? ಎಕ್ಸ್100 ಸಿಕ್ಸ್‌ನಲ್ಲಿ 40 ಮೆಗಾಪಿಕ್ಸೆಲ್ ಇದೆ.

ಕಿಂಡಿ:
ಸ್ವಲ್ಪ ದೂರದವರೆಗೆ ಹೌದು. ಅದರ ಲೆನ್ಸ್ ಫುಲ್ ಫ್ರೇಮ್ ಲೆಕ್ಕದಲ್ಲಿ 35 ಎಂಎಂ, ಅಲ್ಲಿಂದ 50ಕ್ಕೆ ಕತ್ತರಿಸಿದರೆ 20 ಮೆಗಾಪಿಕ್ಸೆಲ್ ಉಳಿಯುತ್ತದೆ, 70ಕ್ಕೆ 10. ಗೋಡೆಗೆ ಹಾಕುವ ಪ್ರಿಂಟ್‌ಗೂ 10 ನಡೆಯುತ್ತದೆ. ಚಂಡೆಪೆಟ್ಟು ಹೇಳಿದ 5 ಮೀಟರ್ ದೂರದ ವೇಷ ಆಗ ಫ್ರೇಮ್ ತುಂಬುತ್ತದೆ. ಆದರೆ ಸೆನ್ಸರ್‌ನ ಕಾಲು ಭಾಗ ಮಾತ್ರ ಬಳಸುತ್ತೀರಿ, ಎಫ್ 2 ಇದ್ದದ್ದು ಬೆಳಕಿನ ಲೆಕ್ಕದಲ್ಲಿ 6ಕ್ಕೆ ಸಮ. 50 ಎಂಎಂ ಎಫ್ 1.8ರ 2.9 ಎಲ್ಲಿ, ಇದು ಎಲ್ಲಿ. ಜಿಆರ್ 3ರಲ್ಲಿ 50ಕ್ಕೆ ಕತ್ತರಿಸಿದರೆ ಉಳಿಯುವುದು 7 ಮೆಗಾಪಿಕ್ಸೆಲ್. ಮದನಿಕೆಗೆ ಕತ್ತರಿಸಿ ತಲುಪುವುದು ಆಗದ ಮಾತು.

ಮಸುಕುಹಿನ್ನೆಲೆ:
ಮಕ್ಕಳ ಫೋಟೊದಲ್ಲಿ ಹಿಂದಿನದು ಮಸುಕಾಗಬೇಕು ಅಂತ ಎಲ್ಲರಿಗೂ ಆಸೆ. ಅದಕ್ಕೆ ಸುಲಭ ಅಳತೆ: ಲೆನ್ಸಿನ ನಿಜವಾದ ಎಂಎಂ ಅನ್ನು ಎಫ್ ಅಂಕಿಯಿಂದ ಭಾಗಿಸಿ, ಬೆಳಕಿನ ತೂತಿನ ಅಗಲ ಸಿಗುತ್ತದೆ. ಆರ್50 ಕಿಟ್: 45 ÷ 6.3, 7 ಮಿ.ಮೀ. ಜಿಆರ್ 3: 18.3 ÷ 2.8, 6.5. ಎಕ್ಸ್100 ಸಿಕ್ಸ್: 23 ÷ 2, 11.5. ಆರ್‌ಎಕ್ಸ್100 ಮಾರ್ಕ್ 7 ಪೂರ್ತಿ ಎಳೆದಾಗ: 72 ÷ 4.5, 16. ಆರ್‌ಎಫ್ 50 ಎಂಎಂ ಎಫ್ 1.8: ಹತ್ತಿರಹತ್ತಿರ 28. ಮುಖವನ್ನು ಫ್ರೇಮಿನಲ್ಲಿ ಅಷ್ಟೇ ದೊಡ್ಡದಾಗಿ ಇಟ್ಟು ತೆಗೆದರೆ, ತೂತು ದೊಡ್ಡದಿದ್ದಷ್ಟೂ ದೂರದ ಹಿನ್ನೆಲೆ ಕರಗುತ್ತದೆ. ಕಿಟ್ ಲೆನ್ಸಿನಲ್ಲಿ ಯಾಕೆ ಕರಗುವುದಿಲ್ಲ ಅಂತ ಈ 7 ಮಿ.ಮೀ. ಹೇಳುತ್ತದೆ.

ಚಪ್ಪರ:
ಸಮಾರಂಭ ಅಂದರೆ ಫ್ಲ್ಯಾಶ್ ಕೂಡ ನೋಡಿ. ಹಗಲು ಚಪ್ಪರದ ಕೆಳಗೆ ವಧೂವರರು, ಹಿಂದೆ ಬಿಸಿಲ ಅಂಗಳ. ಮಾಮೂಲಿ ಶಟರ್‌ನಲ್ಲಿ ಫ್ಲ್ಯಾಶ್ 1/200, 1/250 ದಾಟಿದರೆ ಫ್ರೇಮಿನ ಒಂದು ಕಡೆ ಕಪ್ಪಾಗುತ್ತದೆ. ಎಕ್ಸ್100 ಸಿಕ್ಸ್‌ನ ಲೀಫ್ ಶಟರ್‌ಗೆ ಆ ಕಟ್ಟು ಇಲ್ಲ, 1/1000ದಲ್ಲೂ ಫ್ಲ್ಯಾಶ್ ಪೂರ್ತಿ ಬೀಳುತ್ತದೆ. ಒಳಗೇ ಬೆಳಕು ತಗ್ಗಿಸುವ 4 ಸ್ಟಾಪ್ ಎನ್‌ಡಿ ಫಿಲ್ಟರ್ ಇದೆ, ಬಿಸಿಲಿನಲ್ಲೂ ಎಫ್ 2 ಬಿಡಬೇಕಿಲ್ಲ. ಆರ್‌ಎಕ್ಸ್100 ಮಾರ್ಕ್ 7ರಲ್ಲಿ ಹೊರಗಿನ ಫ್ಲ್ಯಾಶ್ ಕೂರಿಸುವ ಶೂ ಇಲ್ಲ, ಎದ್ದು ನಿಲ್ಲುವ ಪುಟ್ಟ ಫ್ಲ್ಯಾಶ್ ಇದೆ. ಅದನ್ನು ಬೆರಳಿನಿಂದ ಹಿಂದಕ್ಕೆ ಬಾಗಿಸಿ ಹಿಡಿದರೆ ಬಿಳಿ ಚಾವಣಿಯಿಂದ ಬೆಳಕು ಚಿಮ್ಮಿ ಮುಖ ಮೃದುವಾಗುತ್ತದೆ. ಹೆಂಚಿನ ಮಾಡಿನ ಮನೆಯಲ್ಲಿ ಈ ಉಪಾಯ ನಡೆಯದು, ಬೆಳಕು ಮೇಲೇ ಹೋಗಿ ಕೂರುತ್ತದೆ. ಆರ್50ಗೆ ಹಳೆಯ ಬಗೆಯ ಫ್ಲ್ಯಾಶ್ ಹಾಕಬೇಕಾದರೆ ಎಡಿ-ಇ1 ಅಡಾಪ್ಟರ್ ಬೇಕು, ಕೊಳ್ಳುವಾಗಲೇ ಲೆಕ್ಕಕ್ಕೆ ಸೇರಿಸಿ.

ಒಣಡಬ್ಬಿ:
ನಾನು ಈ ಚರ್ಚೆಯಲ್ಲಿ ಕಾಯುತ್ತಿದ್ದದ್ದು 'ಸಾಗರದ ಕಡೆ' ಅನ್ನುವ ಮಾತಿಗೆ ಯಾರಾದರೂ ಉತ್ತರ ಕೊಡಲಿ ಅಂತ. ಮಲೆನಾಡು, ಕರಾವಳಿಯಲ್ಲಿ ಕ್ಯಾಮೆರಾ ಆಯ್ಕೆ ಬೆಳಕಿಗಿಂತ ಮೊದಲು ತೇವದ ಪ್ರಶ್ನೆ.

ತೇವ 60-70 ಶೇಕಡಾ ದಾಟಿ ದಿನಗಟ್ಟಲೆ ನಿಂತರೆ ಗಾಜಿನ ಮೇಲೆ ಬೂಷ್ಟು ಬೆಳೆಯುತ್ತದೆ. ಮೊದಲಿಗೆ ಜೇಡರ ಬಲೆಯ ಎಳೆಯಂತೆ ಕಾಣುತ್ತದೆ, ಬಿಟ್ಟರೆ ಗಾಜಿನ ಲೇಪನವನ್ನೇ ತಿನ್ನುತ್ತದೆ. ಆಮೇಲೆ ಒರೆಸಿದರೂ ಗುರುತು ಹೋಗದು. ಮಿರರ್‌ಲೆಸ್‌ನಲ್ಲಿ ಹಾಳಾಗುವುದು ಒಂದು ಲೆನ್ಸ್. ಅದನ್ನು ಬಿಚ್ಚಿ ಬೇರೆ ಇಡಬಹುದು, ರಿಪೇರಿಗೆ ಅದೊಂದನ್ನೇ ಕಳಿಸಬಹುದು, ಕೆಟ್ಟಿದ್ದರೆ ಅದೊಂದನ್ನೇ ಬದಲಿಸಬಹುದು. ಕಾಂಪ್ಯಾಕ್ಟ್‌ನಲ್ಲಿ ಲೆನ್ಸ್, ಶಟರ್, ಸೆನ್ಸರ್ ಒಂದೇ ಗಂಟು. ಬೂಷ್ಟು ಹೋಗಲಿ, ಒಂದು ಧೂಳಿನ ಕಣ ಸೆನ್ಸರ್ ಮೇಲೆ ಕೂತರೂ ಇಡೀ ಕ್ಯಾಮೆರಾ ಬಿಚ್ಚಬೇಕು.

ಧೂಳು ಒಳಗೆ ಹೋಗುವುದು ಹೇಗೆ ಅಂದರೆ, ಜಿಆರ್, ಆರ್‌ಎಕ್ಸ್100ಗಳ ಲೆನ್ಸ್ ಆನ್ ಮಾಡಿದಾಗ ಹೊರಗೆ, ಆಫ್ ಮಾಡಿದಾಗ ಒಳಗೆ ಹೋಗುತ್ತದೆ. ಹೊರಬರುವಾಗ ಸೈಕಲ್ ಪಂಪಿನಂತೆ ಗಾಳಿ ಎಳೆದುಕೊಳ್ಳುತ್ತದೆ. ಜೇಬಿನ ಅರಳೆ, ರಸ್ತೆಯ ಕೆಂಧೂಳು ಆ ಗಾಳಿಯ ಜೊತೆ ಬರುತ್ತದೆ. ಜಿಆರ್‌ನಲ್ಲಿ ಸೆನ್ಸರ್ ಕೊಡವುವ ವ್ಯವಸ್ಥೆ ಇದೆ, ಒಣಧೂಳು ಉದುರುತ್ತದೆ, ತೇವಕ್ಕೆ ಅಂಟಿದ ಕಣ ಉದುರುವುದಿಲ್ಲ. ಗೋಕರ್ಣ, ಮಲ್ಪೆಯ ಮರಳಿನಲ್ಲಿ ಇನ್ನೂ ಕಷ್ಟ: ಒಂದು ಹರಳು ಬ್ಯಾರೆಲ್‌ನ ಸಂದಿಗೆ ಸಿಕ್ಕರೆ ಗೇರು ಹಲ್ಲು ಜಾರಿ ಲೆನ್ಸ್ ಅರ್ಧಕ್ಕೆ ನಿಲ್ಲುತ್ತದೆ. ಜಿಪ್ ಇರುವ ಸಣ್ಣ ಬಟ್ಟೆ ಚೀಲದಲ್ಲಿಟ್ಟು, ಆ ಚೀಲವನ್ನು ಜೇಬಿಗೆ ಹಾಕಿ. ಬರಿ ಕ್ಯಾಮೆರಾ ಜೇಬಿಗೆ ಬೇಡ. ಎಕ್ಸ್100 ಸಿಕ್ಸ್‌ನ ಲೆನ್ಸ್ ಹೊರಗೆ ಚಾಚಿ ಬರುವಂಥದ್ದಲ್ಲ, ಆ ಭಯ ಅಷ್ಟಿಲ್ಲ.

ಮಳೆಗೆ: ಜಿಆರ್, ಆರ್‌ಎಕ್ಸ್100, ಆರ್50 ಮೂರಕ್ಕೂ ರಕ್ಷಣೆ ಇಲ್ಲ. ಎಕ್ಸ್100 ಸಿಕ್ಸ್‌ಗೆ ಇದೆ, ಆದರೆ ಲೆನ್ಸಿನ ಮುಂಭಾಗ ತೆರೆದಿದೆ. ಎಆರ್-ಎಕ್ಸ್100 ರಿಂಗ್ ಹಾಕಿ ಅದರ ಮೇಲೆ 49 ಎಂಎಂ ಫಿಲ್ಟರ್ ತಿರುಗಿಸಿದ ಮೇಲೆಯೇ ಅದು ಮಳೆಗೆ ತಯಾರು. ಬರೀ ಹುಡ್ ಹಾಕಿದರೆ ಆಗದು. ಜೋಗದ ತುಂತುರಿನಲ್ಲಿ ಗಂಟೆಗಟ್ಟಲೆ ನಿಲ್ಲುವವರು ಐಪಿ53 (ಧೂಳು, ತುಂತುರು ತಡೆಯುವ) ದರ್ಜೆಯ ಓಎಂ-5 ಮಿರರ್‌ಲೆಸ್‌ಗೆ 12-45 ಎಫ್ 4 ಪ್ರೊ ಹಾಕಿಕೊಳ್ಳುವುದು ಲೇಸು. ಯಾವ ಮಿರರ್‌ಲೆಸ್ ಆದರೂ ಲೆನ್ಸಿನ ಹಿಂಬದಿ ಲೋಹದ ಸುತ್ತ ರಬ್ಬರ್ ಉಂಗುರ ಇದೆಯಾ ನೋಡಿ. ಇಲ್ಲದಿದ್ದರೆ ಬಾಡಿ ಎಷ್ಟೇ ಸೀಲ್ ಆಗಿದ್ದರೂ ನೀರು ಅಲ್ಲಿಂದ ಇಳಿಯುತ್ತದೆ.

ಇಡುವ ಕ್ರಮ: ಕ್ಯಾಮೆರಾ ಚೀಲದಲ್ಲಿ ಇಡಬೇಡಿ, ಅದರ ಸ್ಪಂಜು ತೇವ ಕುಡಿದು ಕೂತಿರುತ್ತದೆ. ಮುಚ್ಚಳಕ್ಕೆ ರಬ್ಬರ್ ಇರುವ 10 ಲೀಟರ್ ಅಡುಗೆಮನೆ ಡಬ್ಬಿ, ಬಟ್ಟೆಚೀಲದಲ್ಲಿ ಕಟ್ಟಿದ 200-250 ಗ್ರಾಂ ಸಿಲಿಕಾ ಜೆಲ್, ಒಂದು ಸಣ್ಣ ತೇವಮಾಪಕ. ಮುಳ್ಳು 40ರಿಂದ 50ರ ನಡುವೆ ಇರಲಿ. 30ಕ್ಕಿಂತ ಕೆಳಗಿಳಿದರೆ ರಬ್ಬರ್ ಒಣಗುತ್ತದೆ. ಜೆಲ್ ಕಿತ್ತಳೆ ಬಣ್ಣದ್ದು ತಗೊಳ್ಳಿ, ತೇವ ಕುಡಿದಾಗ ಹಸಿರಾಗುತ್ತದೆ. ನೀಲಿಯದರಲ್ಲಿ ಕೋಬಾಲ್ಟ್ ಇರುತ್ತದೆ, ಮಕ್ಕಳಿರುವ ಮನೆಗೆ ಬೇಡ. ಬಣ್ಣ ತಿರುಗಿದಾಗ ಓವನ್‌ನಲ್ಲಿ 110-120 ಡಿಗ್ರಿಗೆ ಎರಡು ತಾಸು. ಅಕ್ಕಿ ಡಬ್ಬಿಯಲ್ಲಿ ಹೂಳುವ ಪದ್ಧತಿ ದಯವಿಟ್ಟು ಬಿಡಿ, ಅಕ್ಕಿಯ ಹುಡಿ ಬ್ಯಾರೆಲ್ ಒಳಗೆ ಹೋಗುತ್ತದೆ. ಎಸಿ ಕಾರಿನಿಂದ ಇಳಿಯುವ ಮೊದಲು ಜಿಪ್ ಕವರಿನಲ್ಲಿ ಮುಚ್ಚಿ, ಇಳಿದು 20-30 ನಿಮಿಷ ಬಿಟ್ಟು ತೆಗೆಯಿರಿ. ಇಲ್ಲವಾದರೆ ಮಂಜು ಗಾಜಿನ ಮೇಲಷ್ಟೇ ಅಲ್ಲ, ಒಳಗೂ ಕಟ್ಟುತ್ತದೆ.

ಮೊಬೈಲ್‌ಸಾಕು:
ಇಷ್ಟೆಲ್ಲ ಯಾಕೆ, ಒಳ್ಳೆಯ ಮೊಬೈಲ್ ಸಾಕಲ್ಲವೇ?

ಜೇಬುಗಣ್ಣು:
ಹಗಲು ಬೆಳಕಿನಲ್ಲಿ 24 ಎಂಎಂ ಅಗಲದಲ್ಲಿ ತೆಗೆದು ವಾಟ್ಸಾಪ್‌ಗೆ ಹಾಕುವುದಾದರೆ ಸಾಕು. 1 ಇಂಚಿನ ಕಾಂಪ್ಯಾಕ್ಟ್‌ಗೂ ಅದಕ್ಕೂ ವ್ಯತ್ಯಾಸ ಕಾಣಿಸದು. ಮೊಬೈಲ್ ಹತ್ತಾರು ಫ್ರೇಮ್ ಸೇರಿಸಿ ಒಂದು ಮಾಡುತ್ತದೆ, ಕಲ್ಲಿಗೆ ಅದು ಚೆನ್ನ. ತಿರುಗುವ ವೇಷಕ್ಕೆ, 200 ಎಂಎಂ ಮದನಿಕೆಗೆ ಸೋಲುತ್ತದೆ. ಇವರು ಕೇಳಿದ್ದು ಅವೆರಡನ್ನೇ.

ಹೊಸಗಣ್ಣು:
ಎಲ್ಲರಿಗೂ ಕೃತಜ್ಞತೆ. ನನಗೆ ಅರ್ಥವಾದದ್ದು: ಆಟಕ್ಕೆ 50 ಎಂಎಂ ಎಫ್ 1.8, ಮದನಿಕೆಗೆ 55-210, ನವರಂಗಕ್ಕೆ ಕಿಟ್. ಹಾಗಾದರೆ ಆರ್50. ಎಲ್ಲವನ್ನೂ ಒಟ್ಟಿಗೆ ತರಬೇಕಾ?

ಕಿಂಡಿ:
ಬೇಡ. ಕಿಟ್ ಸಮೇತ ಬಾಡಿ, ಜೊತೆಗೆ 50 ಎಂಎಂ. ಅದು 160 ಗ್ರಾಂ, ಲೆನ್ಸ್‌ಗಳಲ್ಲೇ ಅಗ್ಗದ ಸಾಲಿನದು. 55-210 ಬೇಲೂರಿಗೆ ಹೊರಡುವ ಮುಂಚೆ ತಂದರಾಯಿತು. ಆರು ತಿಂಗಳಲ್ಲಿ 50 ಎಂಎಂ ಡಬ್ಬಿಯಿಂದ ಹೊರಗೇ ಬಂದಿಲ್ಲ, ಲೆನ್ಸ್ ಬದಲಿಸುವುದು ಕಿರಿಕಿರಿ ಅನ್ನಿಸಿದರೆ, ನಿಮ್ಮದು ಕಾಂಪ್ಯಾಕ್ಟ್ ಕೈ. ಆಗ ಮಾರಿ ಎಕ್ಸ್100 ಸಿಕ್ಸ್ ಕಡೆ ಹೋಗಿ.

ಒಣಡಬ್ಬಿ:
ಲೆನ್ಸ್ ಬದಲಿಸುವಾಗ ಕ್ಯಾಮೆರಾ ಆಫ್ ಮಾಡಿ, ಅದರ ಬಾಯಿ ನೆಲದ ಕಡೆ ತಿರುಗಿಸಿ, ಗಾಳಿಗೆ ಬೆನ್ನು ಕೊಟ್ಟು ನಿಲ್ಲಿ. ಹೊಸ ಲೆನ್ಸಿನ ಹಿಂಮುಚ್ಚಳ ಮೊದಲೇ ಸಡಿಲಿಸಿ ಇಟ್ಟುಕೊಂಡರೆ ಐದು ಸೆಕೆಂಡಿನ ಕೆಲಸ. ಧೂಳು ಕೂತರೆ ರಬ್ಬರ್ ಬ್ಲೋವರ್ ಸಾಕು. ಬಾಯಿಂದ ಊದಬೇಡಿ, ಎಂಜಲಿನ ಹನಿ ಹಾರುತ್ತದೆ. ಡಬ್ಬಿಯಲ್ಲಿ ಬರುವ ಒತ್ತಡದ ಗಾಳಿಯೂ ಬೇಡ, ಅದರ ದ್ರವ ಸೆನ್ಸರ್ ಮೇಲೆ ಕಲೆ ಬಿಡುತ್ತದೆ.

ಚಪ್ಪರ:
ಕೊಳ್ಳುವಾಗ ಪೆಟ್ಟಿಗೆಯ ಮೇಲೆ ಎಂಆರ್‌ಪಿ, ಆಮದುದಾರರ ಹೆಸರು ಇರುವ ಚೀಟಿ ನೋಡಿ. ಅದಿಲ್ಲದ್ದು ಹೊರದೇಶದಿಂದ ಅಡ್ಡದಾರಿಯಲ್ಲಿ ಬಂದ ಮಾಲು, ಇಲ್ಲಿ ವಾರಂಟಿ ಸಿಗುವುದು ಕಷ್ಟ. ಜಿಎಸ್‌ಟಿ ಬಿಲ್ಲಿನಲ್ಲಿ ಬರೆದ ಸೀರಿಯಲ್ ನಂಬರು ಕ್ಯಾಮೆರಾದ ತಳದಲ್ಲಿರುವುದಕ್ಕೆ ತಾಳೆಯಾಗಬೇಕು.

ಕಿಂಡಿ:
ತಂದ ದಿನವೇ ಎರಡು ಪರೀಕ್ಷೆ ಮಾಡಿ, ಕಾಂಪ್ಯಾಕ್ಟ್ ಆದರೂ ಇದೇ. ಒಂದು: ಎಫ್ 16 (ಆರ್‌ಎಕ್ಸ್100 ಆದರೆ ಎಫ್ 11) ಇಟ್ಟು, ಫೋಕಸ್ ಕೆಡಿಸಿ, ಬಿಳಿ ಗೋಡೆ ತೆಗೆದು ದೊಡ್ಡದು ಮಾಡಿ ನೋಡಿ; ಕಪ್ಪು ಚುಕ್ಕೆ ಇದ್ದರೆ ಸೆನ್ಸರ್ ಮೇಲೆ ಧೂಳು. ಎರಡು: ದಿನಪತ್ರಿಕೆಯ ನಾಲ್ಕು ಹಾಳೆಗಳನ್ನು ಗೋಡೆಗೆ ಅಂಟಿಸಿ, ಕ್ಯಾಮೆರಾವನ್ನು ಗೋಡೆಗೆ ನೇರವಾಗಿ ಮೇಜಿನ ಮೇಲಿಟ್ಟು, ಅಪರ್ಚರ್ ಪೂರ್ತಿ ತೆರೆದು, 2 ಸೆಕೆಂಡ್ ಟೈಮರ್‌ನಲ್ಲಿ ತೆಗೆಯಿರಿ. ನಾಲ್ಕೂ ಮೂಲೆಯ ಅಕ್ಷರ ಒಂದೇ ಸಮ ಮಸುಕಾಗಿದ್ದರೆ ಅದು ಲೆನ್ಸಿನ ಸ್ವಭಾವ. ಒಂದೇ ಮೂಲೆ ಕೆಟ್ಟಿದ್ದರೆ ಒಳಗಿನ ಗಾಜು ಓರೆ ಕೂತಿದೆ. ಜೂಮ್ ಲೆನ್ಸ್ ಆದರೆ ಎರಡೂ ತುದಿಯಲ್ಲಿ ಹೀಗೆ ನೋಡಿ, ಬದಲಿಸಿಕೊಡುವ ಅವಧಿ ಮುಗಿಯುವುದರೊಳಗೆ ಆ ಫೋಟೊ ಹಿಡಿದುಕೊಂಡೇ ಅಂಗಡಿಗೆ ಹೋಗಿ.